ಶ್ ಅಕ್ಕನ ಹಾಡು

ಸದ್ದು ಮಾಡದೆ ಬದುಕುವುದೂ ಒಂದು ವಿದ್ಯೆ ಅನ್ನುವುದಾದರೆ, ಆ ವಿದ್ಯೆಯಲ್ಲಿ ನಮ್ಮ ಶ್ ಅಕ್ಕನಿಗೆ ಸರಿಸಾಟಿ ಯಾರೂ ಇರಲಿಲ್ಲ. ಪುರಸಭೆ ಕಟ್ಟಡದ ನೆಲಮಹಡಿಯಲ್ಲಿ ಒಂದು ವಾಚನಾಲಯವಿತ್ತು. ಅದನ್ನು ನೋಡಿಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಬೀಗ ತೆಗೆದು ಕಸ ಹೊಡೆಸುವುದು, ಆ ದಿನದ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು, ಪುಸ್ತಕ ಕೊಡುವುದು, ತಿರುಗಿ ಬಂದದ್ದನ್ನು ಅದರ ಜಾಗಕ್ಕೆ ಸೇರಿಸುವುದು, ಇವೆಲ್ಲ ಸಂಬಳಕ್ಕೆ. ಸದ್ದಡಗಿಸುವುದು ಮಾತ್ರ ಸ್ವಂತ ಖುಷಿಗೆ.

ಅಲ್ಲಿದ್ದ ಕುರ್ಚಿಗಳ ಕಾಲಿಗೆಲ್ಲ ಹಳೆಯ ಉಣ್ಣೆ ಟೋಪಿಗಳನ್ನು ಕತ್ತರಿಸಿ ಹೊಲಿದ ಕಾಲುಚೀಲ ತೊಡಿಸಿದ್ದಳು. ಬಾಗಿಲಿನ ಕೀಲುಗಳಿಗೆ ಶನಿವಾರ ಶನಿವಾರ ಎಣ್ಣೆ. ಮೊಹರು ಒತ್ತುವಾಗ ಕೆಳಗೆ ಮಡಿಸಿದ ಟವೆಲು. ಗೋಡೆ ಗಡಿಯಾರದೊಳಗೆ ಗಂಟೆ ಬಡಿಯುವ ಪುಟ್ಟ ಸುತ್ತಿಗೆಗೂ ಹತ್ತಿ ಸುತ್ತಿ ದಾರ ಕಟ್ಟಿದ್ದಳು. ಅದು ಹನ್ನೆರಡು ಹೊಡೆದರೆ ಯಾರೋ ಮುದುಕರು ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ ಕೇಳಿಸುತ್ತಿತ್ತು, ಅಷ್ಟೆ.

ಅವಳ ಬಾಯಿಂದ ಬರುತ್ತಿದ್ದ ‘ಶ್’ನಲ್ಲಿ ಮೂರು ಬಗೆ. ಪತ್ರಿಕೆ ಪರಪರ ಮಡಿಸಿದವರಿಗೆ ಒಂದು ಸಣ್ಣದು. ಮೂಲೆಯಲ್ಲಿ ಹರಟೆ ಹೊಡೆಯುವವರಿಗೆ ಹುಬ್ಬು ಏರಿಸಿ ಇನ್ನೊಂದು. ಮೊಬೈಲ್ ರಿಂಗಾಯಿತೋ, ಬಂತು ಮೂರನೆಯದು! ಅದಕ್ಕೆ ಮೊಬೈಲಿನವನಷ್ಟೇ ಅಲ್ಲ, ಆಚೆ ಮೇಜಿನವರೂ ಕಿಟಕಿಯಲ್ಲಿ ಕೂತ ಪಾರಿವಾಳವೂ ತೆಪ್ಪಗಾಗಬೇಕು. ಓದುಗರು ಅವಳಿಗೆ ಶ್ ಅಕ್ಕ ಎಂದು ಹೆಸರಿಟ್ಟದ್ದು ಹೀಗೆ. ಅದನ್ನು ಕೂಡ ಅವರು ಪಿಸುಗುಟ್ಟಿಯೇ ಕರೆಯುತ್ತಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ಮನೆಯಿಂದ. ಅವಳ ಅಪ್ಪ ಗಾಜಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕುಲುಮೆ ಕೆಲಸಗಾರ. ಊರೆಲ್ಲ ಏಳುವ ಹೊತ್ತಿಗೆ ಆತ ಬಂದು ಮಲಗುತ್ತಿದ್ದ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಅಮ್ಮ ಪಾತ್ರೆಗಳ ನಡುವೆ ಬಟ್ಟೆ ಇಟ್ಟು ಜೋಡಿಸುತ್ತಿದ್ದಳು. ಮಗಳು ತುದಿಗಾಲಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅಳುವುದಿದ್ದರೆ ಬೀದಿಯ ಕೊನೆಗೆ ಹೋಗಿ ಅತ್ತು ಮುಗಿಸಿ ಬರಬೇಕು. ಅಪ್ಪನೇನೂ ಗದರುವ ಆಸಾಮಿಯಲ್ಲ. ಎಲ್ಲಿಯಾದರೂ ಚಮಚ ಬಿದ್ದು ಎಚ್ಚರವಾದರೆ, ಕೆಂಪು ಕಣ್ಣು ಉಜ್ಜಿಕೊಂಡು, “ಪರವಾಗಿಲ್ಲ ಪುಟ್ಟಿ, ನೀನು ಆಡ್ಕೋ” ಅನ್ನುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಒಂದು ಮಾತು ಕೇಳಿದ ಹುಡುಗಿ ಮಾರನೆಯ ದಿನ ಇನ್ನೂ ಹಗುರವಾಗಿ ಹೆಜ್ಜೆ ಇಡುತ್ತಿದ್ದಳು.

ಹಾಗೆ ಬೆಳೆದ ಹುಡುಗಿಗೆ ಗಂಟಲು ಇದೆಯೋ ಇಲ್ಲವೋ ಅನ್ನುವುದೇ ಮರೆತುಹೋಯಿತು. ಒಂದೆರಡು ಗಂಡುಗಳು ನೋಡಲು ಬಂದಿದ್ದುಂಟು. ಹುಡುಗಿ ಒಪ್ಪಿದಳೋ ಇಲ್ಲವೋ ಕೇಳಿಸಲಿಲ್ಲವೆಂದು ಎದ್ದು ಹೋದರಂತೆ. ಅಕ್ಕನೇ ಇದನ್ನು ಹೇಳಿಕೊಂಡು ನಗುತ್ತಿದ್ದಳು, ಅದೂ ಸದ್ದಿಲ್ಲದೆ, ಭುಜ ಮಾತ್ರ ಕುಣಿಸಿ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ತಾಯಿ ಮಗಳು ಇಬ್ಬರೇ. ಅಮ್ಮನಿಗೆ ವಯಸ್ಸಾದಂತೆ ಕಿವಿ ಮಂದವಾಯಿತು. ಒಂದು ರೇಡಿಯೋ ಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡಳು. ಅದರ ಗುಂಡಿಯನ್ನು ದಿನ ಹೋದಂತೆ ಸ್ವಲ್ಪ ಸ್ವಲ್ಪವೇ ಬಲಕ್ಕೆ ತಿರುಗಿಸುತ್ತ ಬಂದು, ಕೊನೆಗೆ ಹವಾಮಾನ ವರದಿ ಇಡೀ ಬೀದಿಗೆ ತಿಳಿಯುವಂತಾಯಿತು. ಅಕ್ಕ ತುಟಿ ಪಿಟಕ್ಕೆನ್ನದೆ ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದಳು. ವಯಸ್ಸಾದ ಜೀವ, ಕಿವಿ ಬೇರೆ ಕೇಳಿಸದು, ಏನು ಹೇಳುವುದು?

ಹೀಗೆ ಸುಖವಾಗಿ ನಡೆದಿದ್ದ ಸಂಸಾರಕ್ಕೆ ಒಂದು ಸೋಮವಾರ ಕಲ್ಲು ಬಿತ್ತು. ವಾಚನಾಲಯದ ಬಾಗಿಲಿಗೆ ಅವಳು ಬೀಗ ತೆಗೆಯಲು ಬರುವ ಮೊದಲೇ ಮೇಲಿನ ಮಹಡಿಯ ಕಚೇರಿಯವರು ಒಂದು ನೋಟಿಸು ಅಂಟಿಸಿದ್ದರು. ‘ಬಳಕೆಯಲ್ಲಿಲ್ಲದ ಕೊಠಡಿ’ಯನ್ನು ತಿಂಗಳ ಕೊನೆಗೆ ತೆರವು ಮಾಡಿ, ಹಳೆಯ ಕಡತ ಮತ್ತು ಮುರಿದ ಪೀಠೋಪಕರಣಗಳನ್ನು ತುಂಬಲಾಗುವುದು ಎಂದು ಅದರ ಸಾರಾಂಶ.

ಬಳಕೆಯಲ್ಲಿಲ್ಲವೇ! ಓದುಗರೆಲ್ಲ ಬಂದು ಕೂತ ಮೇಲೆ ಅಕ್ಕ ಅದನ್ನು ಮತ್ತೊಮ್ಮೆ ಓದಿ ತಿರುಗಿ ನೋಡಿದಳು. ಒಳಗೆ ಒಂದು ಕುರ್ಚಿಯೂ ಖಾಲಿ ಇಲ್ಲ. ಕಿಟಕಿ ಪಕ್ಕದಲ್ಲಿ ಪದಬಂಧದ ತಾತ. ಟೈಲರ್ ಕೆಲಸದಿಂದ ನಿವೃತ್ತನಾದ ಮನುಷ್ಯ, ಮನೆಯಲ್ಲಿ ಸೊಸೆಯ ಹೊಲಿಗೆ ನೋಡಲಾರದೆ ಇಲ್ಲಿ ಬಂದು ಪದಬಂಧ ಬಿಡಿಸುತ್ತಾನೆ. ಅವನೆದುರು ಕೆಮ್ಮಿನ ಮೇಷ್ಟ್ರು. ಕೆಮ್ಮು ಬಂದಾಗಲೆಲ್ಲ ಪಾಪ ಗೇಟಿನಾಚೆಗೆ ಓಡಿಹೋಗಿ ಕೆಮ್ಮಿ ಬರುತ್ತಾರೆ. ಪರೀಕ್ಷೆಗೆ ಓದುವವರ ಒಂದು ಮೇಜು. ಮಗು ಮಲಗಿಸಿಕೊಂಡು ಕಾದಂಬರಿ ಓದುವ ದಾದಿಯೊಬ್ಬಳು. ಆ ಕೂಸು ಕೂಡ ಇಲ್ಲಿ ಎಚ್ಚರವಾದರೆ ಸುಮ್ಮನೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತೇ ಹೊರತು ಅಳುತ್ತಿರಲಿಲ್ಲ. ಇವರೆಲ್ಲ ಎಲ್ಲಿಗೆ ಹೋಗಬೇಕು? ಇವಳು ತಾನೇ ಎಲ್ಲಿಗೆ ಹೋಗಬೇಕು?

ಧೈರ್ಯ ಮಾಡಿ ಮೇಲೆ ಹೋದಳು. ಪುರಸಭೆಗೆ ಈಚೆಗೆ ವರ್ಗವಾಗಿ ಬಂದ ಸಾಹೇಬರು ಕೆಟ್ಟವರಲ್ಲ, ಎದ್ದು ಕುರ್ಚಿ ತೋರಿಸಿದರು.

“ಬನ್ನಿ ಬನ್ನಿ. ನಾನು ಬಂದಾಗಿನಿಂದ ನೋಡ್ತಿದ್ದೀನಿ, ಕೆಳಗಿಂದ ಒಂದು ಸದ್ದಿಲ್ಲ, ಗದ್ದಲವಿಲ್ಲ. ನಾನು ಹಿಂದಿನ ಮೆಟ್ಟಿಲಲ್ಲಿ ಹತ್ತಿ ಬರೋನು, ಆ ಕಡೆ ಬಂದಿಲ್ಲ. ಆದ್ರೆ ಜನ ಇದ್ದಿದ್ರೆ ಕೇಳಿಸ್ಬೇಕಿತ್ತಲ್ವಾ? ಅಷ್ಟು ದೊಡ್ಡ ಹಾಲ್ ಸುಮ್ನೆ ಬಿದ್ದಿದೆ, ಪಾಪ.”

ಅಕ್ಕನಿಗೆ ಕಾಲುಚೀಲ, ಎಣ್ಣೆ, ಟವೆಲು, ಹತ್ತಿ ಎಲ್ಲ ಕಣ್ಣ ಮುಂದೆ ಬಂದವು. ತನ್ನ ಕೈಯಾರೆ ಮಾಡಿಕೊಂಡದ್ದು! ಜನ ಇದ್ದಾರೆ, ತುಂಬ ಇದ್ದಾರೆ, ದಯವಿಟ್ಟು ಒಂದು ಸಲ ಕೆಳಗೆ ಬನ್ನಿ ಎಂದು ಕೈ ಜೋಡಿಸಿ ವಿವರವಾಗಿ ಹೇಳಿದಳು. ಹೇಳಿದ್ದೇನೋ ಹೌದು, ಆದರೆ ಯಾವ ಗಂಟಲಲ್ಲಿ? ಫ್ಯಾನಿನ ಗಾಳಿಗೆ ಅವಳ ಮಾತು ಅರ್ಧ ದಾರಿಯಲ್ಲೇ ಹಾರಿಹೋಯಿತು. ಸಾಹೇಬರು ಅವಳ ತುಟಿ ಆಡುವುದನ್ನೂ ಜೋಡಿಸಿದ ಕೈಯನ್ನೂ ನೋಡಿ, “ಸಂತೋಷ, ತುಂಬ ಸಂತೋಷ! ನಿಮ್ಮಂಥವರು ಸಹಕಾರ ಕೊಟ್ರೆ ಎಷ್ಟೋ ಸಲೀಸು” ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಆ ವಾರವೆಲ್ಲ ಅಕ್ಕನ ಮುಖ ನೋಡುವಂತಿರಲಿಲ್ಲ. ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯಲು ನಿಂತಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನೂ ಮರೆತಳು. ಕಟ್ಟೆಯ ಮೇಲೆ ರೇಡಿಯೋ ಎಂದಿನಂತೆ ಬೊಬ್ಬೆ ಹೊಡೆಯುತ್ತಿತ್ತು. ನಿರೂಪಕಿ ಏನೋ ಹೇಳುತ್ತಿದ್ದಳು. ಬಂದರಿನ ಕೂಲಿಗಳ ಮಕ್ಕಳು ಸೇರಿ ಕಟ್ಟಿದ ರಾಕ್ ತಂಡವಂತೆ, ಅವರ ಗುಡಿಸಲು ಕೆಡವಲು ಬಂದವರ ಮುಂದೆ ನಿಂತು ಹಾಡಿದ್ದಂತೆ.

ಮೊದಲು ಬಂದದ್ದು ಗಿಟಾರು. ತಗಡಿನ ಬಾಗಿಲನ್ನು ಯಾರೋ ಕಾಲಲ್ಲಿ ಒದ್ದು ತೆಗೆದ ಹಾಗೆ ಬಂತು. ಹಿಂದೆಯೇ ಡ್ರಮ್ಮು. ಕಟ್ಟೆಯ ಮೇಲಿದ್ದ ಲೋಟಗಳು ಗಿಲಗಿಲ ಅಂದವು. ಅಕ್ಕನ ಕೈ ತಾನಾಗಿ ಗುಂಡಿಯತ್ತ ಹೋಯಿತು. ಅಷ್ಟರಲ್ಲಿ ಒಬ್ಬಳು ಹಾಡತೊಡಗಿದಳು. ಒಳ್ಳೆಯ ಕಂಠವೇನಲ್ಲ. ಒಡಕು ದನಿ, ಇಡೀ ದಿನ ಯಾರನ್ನೋ ಕರೆದು ಕರೆದು ಸವೆದ ದನಿ.

ದೀಪ ಆರಿಸಿ, ಬಾಗಿಲ ಹಾಕಿ,
ಯಾರೂ ಇಲ್ಲ ಅಂದಿರಾ?
ಇನ್ನೊಂದ್ಸಲ ಎಣಿಸಿ ನೋಡಿ,
ಇದ್ದೀವಿ, ನಾವಿಲ್ಲೇ ಇದ್ದೀವಿ!

ಕೊನೆಯ ಸಾಲಿಗೆ ಹತ್ತಾರು ಜನ ಒಟ್ಟಿಗೆ ಸೇರಿಕೊಂಡರು. ಅಕ್ಕನಿಗೆ ಮೈಯೆಲ್ಲ ಜುಮ್ಮೆಂದಿತು. ಈ ಹಾಡು ಬರೆದವರಿಗೆ ನಮ್ಮ ಬಾಗಿಲಿನ ನೋಟಿಸು ಹೇಗೆ ಗೊತ್ತಾಯಿತು? ಸೋಪಿನ ಕೈಯಲ್ಲಿ ಹಾಗೇ ನಿಂತುಬಿಟ್ಟಳು. ನೋಡುತ್ತಾಳೆ, ತನ್ನ ಬಲಗಾಲು ನೆಲ ಕುಟ್ಟುತ್ತಿದೆ! ಐವತ್ತು ದಾಟಿದ ಕಾಲು, ಹುಟ್ಟಿದಾಗಿನಿಂದ ತುದಿಯಲ್ಲೇ ನಡೆದ ಕಾಲು, ಹಿಮ್ಮಡಿ ಊರಿ ಧಡ್ ಧಡ್ ಅನ್ನುತ್ತಿದೆ. ಅವಳಿಗೆ ಒಂದು ಕಡೆ ನಾಚಿಕೆ, ಒಂದು ಕಡೆ ಅಳು, ಎರಡರ ನಡುವೆ ಹೇಳಲಾಗದಷ್ಟು ಸಂತೋಷ.

ಅಮ್ಮ ಮೂಲೆಯಿಂದ ಎಲ್ಲ ನೋಡುತ್ತಿದ್ದಳು. “ಇದೊಂದು ಹಾಡು ನಂಗೆ ಚೆನ್ನಾಗಿ ಕೇಳಿಸ್ತು ಕಣೇ” ಅಂದಳು.

ಸೋಮವಾರ ವಾಚನಾಲಯದ ಮೊಹರು ಬೇರೆ ತಾಳದಲ್ಲಿ ಬೀಳತೊಡಗಿತು. ಟವೆಲಿನ ಮೇಲೆಯೇ, ಆದರೂ ಗೊತ್ತಾಗುವಂತಿತ್ತು. ಪದಬಂಧದ ತಾತ ಕನ್ನಡಕದ ಮೇಲಿಂದ ನೋಡಿದ. ಮಧ್ಯಾಹ್ನದ ಹೊತ್ತಿಗೆ ಅಕ್ಕ ಅವನ ಮೇಜಿಗೆ ಹೋಗಿ ಬಗ್ಗಿ ನಿಂತು, “ತಾತ, ನಾವು ಪ್ರತಿಭಟನೆ ಮಾಡೋಣ” ಅಂದಳು.

ತಾತ ಪೆನ್ಸಿಲು ಕೆಳಗಿಟ್ಟ. “ಯಾರು? ನಾವಾ?”

“ಹೂಂ. ಬುಧವಾರ ಹನ್ನೊಂದಕ್ಕೆ ಮೇಲೆ ಸಮಿತಿ ಮೀಟಿಂಗ್ ಇದೆ. ಅವತ್ತು ನಮ್ಮ ಹಾಲ್ ವಿಷಯ ತೀರ್ಮಾನ ಮಾಡಿ ಮುಗಿಸಿಬಿಡ್ತಾರೆ. ನಾವು ಇದ್ದೀವಿ ಅಂತ ಅವರಿಗೆ ಕೇಳಿಸ್ಬೇಕು.”

“ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ,” ಎಂದರು ಮೇಷ್ಟ್ರು. ಎಂದವರೇ ಕೆಮ್ಮು ಬಂದು ಗೇಟಿನಾಚೆಗೆ ಓಡಿದರು.

ಬುಧವಾರ ಬಂತು. ಅಂಗಳದಲ್ಲಿ ಸಾಹೇಬರ ಕಿಟಕಿಯ ಕೆಳಗೇ ಓದುಗರೆಲ್ಲ ಸೇರಿದರು. ಬಂದವರನ್ನು ನೋಡಿ ಅಕ್ಕನಿಗೇ ಆಶ್ಚರ್ಯ. ಒಬ್ಬೊಬ್ಬರೂ ಮನೆಯಿಂದ ಇನ್ನೊಬ್ಬರನ್ನು ಕರೆತಂದಿದ್ದರು. ತಾತ ತನ್ನ ಸೊಸೆಯನ್ನೂ, ಅವಳೇ ಹೊಲಿದ ಬ್ಯಾನರನ್ನೂ ತಂದಿದ್ದ. “ಹೊಲಿಗೆ ಸೊಟ್ಟ ಇದೆ, ಏನ್ಮಾಡೋದು” ಎಂದು ಗೊಣಗುತ್ತ ಹಿಡಿದುಕೊಂಡಿದ್ದ.

ಗಡಿಯಾರ ಒಳಗೆ ಮೆಲ್ಲಗೆ ಹನ್ನೊಂದು ಉಸಿರುಬಿಟ್ಟಿತು. ಮೇಷ್ಟ್ರು ಮುಷ್ಟಿ ಎತ್ತಿ ಘೋಷಣೆ ಶುರು ಮಾಡಿದರು.

“ವಾಚನಾಲಯ...” ಎಂದು ಮೇಷ್ಟ್ರು ಪಿಸುಗುಟ್ಟಿದರು.

“...ಉಳಿಯಲೇಬೇಕು” ಎಂದು ಎಲ್ಲರೂ ಪಿಸುಗುಟ್ಟಿದರು.

ತಮಾಷೆಯಲ್ಲ, ನಿಜ. ಈ ಕಟ್ಟಡದ ಹತ್ತಿರ ಬಂದರೆ ಅವರ ದನಿ ತಾನಾಗಿ ತಗ್ಗುತ್ತಿತ್ತು. ಅಷ್ಟು ವರ್ಷದ ಅಭ್ಯಾಸ, ಹೋಗು ಅಂದರೆ ಹೋಗುತ್ತದೆಯೇ? ಮುಷ್ಟಿಗಳು ರೋಷದಿಂದ ಮೇಲೇಳುತ್ತಿದ್ದವು, ಕತ್ತಿನ ನರಗಳು ಉಬ್ಬುತ್ತಿದ್ದವು, ಬಾಯಿಂದ ಹೊರಡುವುದು ಮಾತ್ರ ಒಣ ಎಲೆ ಸರಿದಾಡಿದಷ್ಟು ಸದ್ದು. ಅಂಚೆಯವನೊಬ್ಬ ಸೈಕಲ್ ನಿಲ್ಲಿಸಿ, ಇದು ಯಾರಿಗೋ ಶ್ರದ್ಧಾಂಜಲಿ ಇರಬೇಕೆಂದು ಟೋಪಿ ತೆಗೆದು ಎರಡು ನಿಮಿಷ ತಲೆ ಬಗ್ಗಿಸಿ ನಿಂತು ಹೋದ. ಮೇಲೆ ಕಿಟಕಿಯಲ್ಲಿ ಚಹಾ ಲೋಟಗಳ ಟಿಣಿಟಿಣಿ ಬಿಟ್ಟರೆ ಏನೂ ಇಲ್ಲ.

ಅಕ್ಕ ಗೇಟಿನತ್ತ ತಿರುಗಿದಳು. ಎದೆಗೆ ರೇಡಿಯೋ ಅವಚಿಕೊಂಡು ಅಮ್ಮ ಬರುತ್ತಿದ್ದಳು!

“ಅಮ್ಮ, ನೀನು ಯಾಕೆ ಬಂದೆ?”

“ಹಾಂ? ಏನೂ ಕೇಳಿಸ್ಲಿಲ್ಲ,” ಎಂದು ಅಮ್ಮ ಅವಳನ್ನು ಸರಿಸಿ, ಮೆಟ್ಟಿಲ ಮೇಲೆ ರೇಡಿಯೋ ಇಟ್ಟು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು.

‘ಕೇಳುಗರ ಆಯ್ಕೆ’ ನಡೆಯುತ್ತಿತ್ತು. ನಿರೂಪಕಿ ನಗುತ್ತಿದ್ದಳು. “ಮುಂದಿನ ಹಾಡು ಒಬ್ಬ ಅಜ್ಜಿಗೋಸ್ಕರ. ನಿನ್ನೆಯಿಂದ ಫೋನ್ ಮಾಡಿ ಮಾಡಿ ನಮ್ಮನ್ನು ಸುಸ್ತು ಮಾಡಿದ್ದಾರೆ. ಹನ್ನೊಂದು ಗಂಟೆಗೇ ಹಾಕ್ಬೇಕಂತೆ, ಆಮೇಲೆ ಹಾಕಿದ್ರೆ ನಮ್ಮ ಜೊತೆ ಮಾತು ಬಿಡ್ತಾರಂತೆ!”

ತಗಡಿನ ಬಾಗಿಲು ಒದ್ದು ತೆಗೆದ ಆ ಗಿಟಾರು ಅಂಗಳದ ಗೋಡೆಗಳಿಗೆಲ್ಲ ಅಪ್ಪಳಿಸಿತು. ಜನ ಬೆಚ್ಚಿಬಿದ್ದರು. ಡ್ರಮ್ಮು ಶುರುವಾದದ್ದೇ ತಾತನ ಭುಜ ಅಲುಗಿತು. ದಾದಿಯ ಕೂಸು ಜೀವಮಾನದಲ್ಲಿ ಮೊದಲ ಸಲ ಆ ಜಾಗದಲ್ಲಿ ಕೇಕೆ ಹಾಕಿತು. ಕೂಸೇ ಕೂಗಿದ ಮೇಲೆ ಇನ್ನೇನು ಅಂಜಿಕೆ? ಪರೀಕ್ಷೆಯವರು ಕಾಲೇಜಿನಲ್ಲಿ ಮೇಜು ಬಡಿದು ಅಭ್ಯಾಸವಿದ್ದವರು, ಬೇಲಿಯ ತಗಡು ಬಡಿಯತೊಡಗಿದರು. ಮೇಷ್ಟ್ರು ಮನಸಾರೆ ಕೆಮ್ಮಿದರು. ಗದ್ದಲವೆಂದರೆ ಗದ್ದಲ! ಮೇಲೆ ಕಿಟಕಿಯ ಬಾಗಿಲುಗಳು ಫಟ್ ಫಟ್ ತೆರೆದುಕೊಂಡವು.

ಆಗ ಅಕ್ಕನಿಂದ ಒಂದು ಪ್ರಮಾದವಾಯಿತು. ಅವಳಲ್ಲದೆ ಇನ್ಯಾರಿಂದಲೂ ಆಗದಂಥ ಪ್ರಮಾದ. ಇಷ್ಟು ಸದ್ದು ಕಿವಿಗೆ ಬಿದ್ದದ್ದೇ ಅವಳ ಬೆರಳು ತಾನಾಗಿ ತುಟಿಗೆ ಹೋಯಿತು.

“ಶ್!”

ಮೂರನೆಯ ಬಗೆಯದು. ಜೀವಮಾನದಲ್ಲೇ ಅಷ್ಟು ಸೊಗಸಾದ ‘ಶ್’ ಅವಳಿಂದ ಬಂದಿರಲಿಲ್ಲ. ಇಡೀ ಅಂಗಳ ಗಪ್‌ಚಿಪ್. ತಾತನ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ತಗಡಿನ ಮೇಲಿದ್ದ ಕೈಗಳು ಅಲ್ಲೇ ನಿಂತವು. ಅಮ್ಮ ಕೂಡ ಹಳೆಯ ಕಾಲದ ಅಭ್ಯಾಸಕ್ಕೆ ಬೆಚ್ಚಿ ರೇಡಿಯೋ ಆರಿಸಿಬಿಟ್ಟಳು. ಕೂಸು ಕಣ್ಣು ಪಿಳಿಪಿಳಿ ಬಿಟ್ಟಿತು.

ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದರು. ಕೆಳಗೆ ಅಷ್ಟು ಜನ ಮೌನವಾಗಿ ನಿಂತಿದ್ದಾರೆ, ನಡುವೆ ಒಬ್ಬ ಹೆಂಗಸು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಾಳೆ. ಅವರು ಗಲಿಬಿಲಿಗೊಂಡು ಹಿಂದೆ ತಿರುಗಿ, “ಏನಿಲ್ಲ, ಯಾರೋ ರೇಡಿಯೋ ಹಾಕಿದ್ರು, ನಿಲ್ಲಿಸಿದ್ರು” ಅಂದದ್ದು ಎಲ್ಲರಿಗೂ ಕೇಳಿಸಿತು. ಒಂದು ಕಿಟಕಿ ಮುಚ್ಚಿತು.

ಅಕ್ಕನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಮ್ಮ ಗಾಬರಿಯಲ್ಲಿ ಮತ್ತೆ ರೇಡಿಯೋ ತಿರುಗಿಸಿದರೆ ಹಾಡು ಮುಗಿದು ಹಲ್ಲುಪುಡಿಯ ಜಾಹೀರಾತು ಬರುತ್ತಿತ್ತು. ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ, ಪಾಪ, ಮುಂದೇನು ಅಂತ. ಎರಡನೆಯ ಕಿಟಕಿಗೂ ಯಾರದೋ ಕೈ ಬಂತು. ಅದು ಮುಚ್ಚಿದರೆ ಮುಗಿಯಿತು.

ನೀರಿಗೆ ಬಿದ್ದ ಮೇಲೆ ಚಳಿಯೇನು, ಮಳೆಯೇನು? ಅಕ್ಕ ತುಟಿಯಿಂದ ಬೆರಳು ತೆಗೆದಳು. ಹಿಮ್ಮಡಿ ಎತ್ತಿ ಮೆಟ್ಟಿಲಿಗೆ ಕುಟ್ಟಿದಳು. ಬಾಯಿ ತೆರೆದಳು.

ಮೊದಲ ಸಾಲು ಹೊರಗೆ ಬರಲೇ ಇಲ್ಲ, ಬರೀ ಗಾಳಿ. ಎರಡನೆಯದು ಎಣ್ಣೆ ಕಾಣದ ಕೀಲಿನಂತೆ ಕಿರ್ ಅಂದಿತು. ಮೂರನೆಯದಕ್ಕೆ ಹೊಟ್ಟೆಯ ಆಳದಿಂದ, ಗಾಜಿನ ಕಾರ್ಖಾನೆಯ ಕಾಲದಿಂದ ಒಳಗೇ ಕೂತಿದ್ದ ದನಿಯೊಂದು ಎದ್ದು ಬಂತು. ಶ್ರುತಿಯಿಲ್ಲ, ತಾಳವೂ ಅಷ್ಟಕ್ಕಷ್ಟೆ. ಆದರೆ ದೊಡ್ಡದು! ಅದು ತನ್ನದೇ ಅಂತ ನಂಬಲು ಅಕ್ಕನಿಗೆ ಅರೆಗಳಿಗೆ ಬೇಕಾಯಿತು.

“ಇನ್ನೊಂದ್ಸಲ ಎಣಿಸಿ ನೋಡಿ...”

“ಇದ್ದೀವಿ!” ಎಂದಿತು ಅಂಗಳ. “ನಾವಿಲ್ಲೇ ಇದ್ದೀವಿ!”

ಪಾರಿವಾಳಗಳೆಲ್ಲ ಸೂರಿನಿಂದ ಎದ್ದು ಹಾರಿದವು. ಮುಚ್ಚಿದ್ದ ಕಿಟಕಿ ತೆರೆಯಿತು. ಸಾಹೇಬರು ಹಿಂದಿನ ಮೆಟ್ಟಿಲು ಬಿಟ್ಟು ಮೊದಲ ಸಲ ಮುಂದಿನ ಮೆಟ್ಟಿಲಿಂದ ಇಳಿದು ಬಂದರು. ಅಕ್ಕನ ಮುಂದೆ ನಿಂತು ಜನರನ್ನೊಮ್ಮೆ, ತೆರೆದ ಬಾಗಿಲೊಳಗಿನ ಮೇಜುಗಳನ್ನೊಮ್ಮೆ ನೋಡಿದರು.

“ಇಷ್ಟು ಜನ ಇಷ್ಟು ದಿನ ಎಲ್ಲಿದ್ರಮ್ಮ?”

“ನಿಮ್ಮ ಕಾಲ ಕೆಳಗೇ ಇದ್ವಿ ಸಾರ್,” ಅಂದಳು ಅಕ್ಕ. ಗೇಟಿನ ಆಚೆಗೂ ಕೇಳಿಸಿತು.

ಸಾಹೇಬರು ಒಳಗೆ ಬಂದರು. ಒಂದು ಕುರ್ಚಿ ಎಳೆದರು, ಸದ್ದಾಗಲಿಲ್ಲ. ಬಗ್ಗಿ ಅದರ ಕಾಲುಚೀಲ ನೋಡಿ ತುಂಬ ಹೊತ್ತು ನಕ್ಕರು. ತಪ್ಪಾಯಿತು ಎಂದು ಹೇಳುವಷ್ಟು ದೊಡ್ಡ ಮನಸ್ಸು ಆ ಮನುಷ್ಯನಿಗಿತ್ತು, ಹೇಳಿದರು ಕೂಡ. ಕಡತಗಳು ಹಿತ್ತಲ ಶೆಡ್ಡಿಗೆ ಹೋದವು, ನೋಟಿಸು ಕಸದ ಬುಟ್ಟಿಗೆ. ಹೋಗುವಾಗ, “ಆಗಾಗ ಸ್ವಲ್ಪ ಗಲಾಟೆ ಮಾಡ್ತಿರಿ ಅಮ್ಮ, ನೀವು ಇದ್ದೀರಿ ಅಂತ ನಮಗೂ ಗೊತ್ತಾಗ್ಲಿ” ಅಂದರು. ಅಕ್ಕ ಆವತ್ತೇ ಸ್ಟೂಲು ಹತ್ತಿ ಗಡಿಯಾರದ ಸುತ್ತಿಗೆಯ ಹತ್ತಿ ಬಿಚ್ಚಿದಳು. ಅದು ಐದು ಹೊಡೆದಾಗ ತಾತ ಹೆದರಿ ಪೆನ್ಸಿಲು ಬೀಳಿಸಿದ.

ಸಂಜೆ ಮನೆಗೆ ಬರುವ ಹೊತ್ತಿಗೆ ಅಕ್ಕನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಹೊಸ ಯಂತ್ರವನ್ನು ಮೊದಲ ದಿನವೇ ಹೆಚ್ಚು ಓಡಿಸಿದರೆ ಇನ್ನೇನಾಗುತ್ತದೆ? ಹೊರಕೋಣೆಯ ಕುರ್ಚಿಯಲ್ಲಿ ಕುಸಿದು ಕೂತಳು. ಒಳಗೆ ಅಡುಗೆಮನೆಯಲ್ಲಿ ರೇಡಿಯೋ ಊರು ಹಾರಿಹೋಗುವಂತೆ ಕಿರುಚುತ್ತಿತ್ತು. “ಒಂದ್ ಲೋಟ ಬಿಸಿನೀರು ಸಿಕ್ಕಿದ್ರೆ...” ಎಂದು ಅಕ್ಕ ತನ್ನಷ್ಟಕ್ಕೆ ತಾನೇ ಅಂದುಕೊಂಡಳು. ತುಟಿ ಆಡಿತು, ಅಷ್ಟೆ.

ಅಮ್ಮ ಬಿಸಿನೀರಿನ ಲೋಟ ಹಿಡಿದುಕೊಂಡು ಬಂದಳು.

ಅಕ್ಕ ಲೋಟ ನೋಡಿದಳು. ಅಮ್ಮನನ್ನು ನೋಡಿದಳು. ಬೆಳಗಿನ ನಿರೂಪಕಿಯ ಮಾತು ಆಗ ತಲೆಗೆ ಹೋಯಿತು. “ಅಮ್ಮ,” ಎಂದು ಉಸಿರಲ್ಲೇ ಕೇಳಿದಳು, “ಫೋನಲ್ಲಿ ರೇಡಿಯೋದವರು ಹೇಳಿದ್ದು ನಿಂಗೆ ಹ್ಯಾಗೆ ಕೇಳಿಸ್ತು?”

ಅಮ್ಮ ಎದುರಿಗೆ ಕೂತಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಮುಖವಾಗಿತ್ತು ಅವಳದು.

“ನಿಮ್ಮಪ್ಪ ಮಲಗಿದ್ದಾಗ ನೀನು ಆ ಮೂಲೇಲಿ ಪಿಸಪಿಸ ಅಂತಿದ್ದದ್ದನ್ನ ಕೇಳ್ಕೊಂಡು ಬಂದ ಕಿವಿ ಕಣೇ ಇದು. ಇದಕ್ಕೆ ಏನಾಗುತ್ತೆ? ಬುಧವಾರ ಹನ್ನೊಂದಕ್ಕೆ ಅಂತ ನೀನು ನಿನ್ನಷ್ಟಕ್ಕೆ ಗೊಣಗಿದ್ದೂ ಕೇಳಿಸ್ತು, ಸೊಳ್ಳೆ ಆಕಳಿಸಿದ್ರೂ ಕೇಳಿಸುತ್ತೆ.”

“ಮತ್ತೆ ಇಷ್ಟು ವರ್ಷ ಈ ರೇಡಿಯೋ?”

“ಅವರು ಹೋದ್ಮೇಲೆ ಈ ಮನೇಲಿ ಹಗಲು ಮಲಗೋರು ಯಾರಿದ್ರು? ಆದ್ರೂ ನೀನು ತುದಿಗಾಲಲ್ಲೇ ಓಡಾಡ್ತಿದ್ದೆ. ನೋಡಕ್ಕಾಗ್ತಿರ್ಲಿಲ್ಲ ನಂಗೆ. ಬಾಯಿ ಬಿಡು ಅಂತ ಹೇಳಿದ್ರೆ ಬಿಡೋ ಪೈಕಿಯಲ್ಲ ನೀನು. ಅದಕ್ಕೇ ದಿನಾ ಒಂದು ಚೂರು ಸೌಂಡ್ ಜಾಸ್ತಿ ಮಾಡ್ತಾ ಬಂದೆ. ಒಂದಿನ ರೇಗಿ, ಅಮ್ಮ ಕಮ್ಮಿ ಮಾಡೇ ಅಂತ ಕಿರುಚ್ತೀಯ ಅಂತ ಕಾದೆ. ನೀನು ಕಿವಿಗೆ ಹತ್ತಿ ಇಟ್ಕೊಂಡೆ.”

ಅಕ್ಕನ ಕಣ್ಣು ತುಂಬಿ ಬಂತು. ಅಳಲು ಬೀದಿಯ ಕೊನೆಗೆ ಹೋಗಲಿಲ್ಲ, ಅಲ್ಲೇ ಕೂತು ಸೊರಸೊರ ಸದ್ದು ಮಾಡಿ ಅತ್ತಳು, ಆಮೇಲೆ ನಕ್ಕಳು. ಬಿಸಿನೀರು ಕುಡಿದು ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟಳು. ಗಂಟಲಲ್ಲಿ ಮಿಕ್ಕಿದ್ದಷ್ಟನ್ನೂ ಒಟ್ಟುಗೂಡಿಸಿ, ನೆರೆಹೊರೆಯವರು ಕಿಟಕಿಗೆ ಬರುವಂತೆ ಕೂಗಿದಳು.

“ಅಮ್ಮಾ! ಸೌಂಡ್ ಕಮ್ಮಿ ಮಾಡೇ!”

ಅಮ್ಮ ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದಕ್ಕೆ ಬಗ್ಗಿದಳು.

“ಏನಂದೆ? ಇನ್ನೊಂದ್ಸಲ ಹೇಳು.”